ಸೊಟ್ಟಗಾದ ಪಿಂಗಾಣಿ

ಮೈಸೂರಿನ ರೈಲು ನಂಜನಗೂಡಿಗೇ ಬಂದು ನಿಲ್ಲುತ್ತಿದ್ದ ಕಾಲ. ಅಲ್ಲಿನ ನಿಲ್ದಾಣದೆದುರಿನ ಅಂಗಡಿಯಿಂದ ತಿರುಮಕೂಡಲಿನ ಕುಂಬಾರ ಚೆಲುವಯ್ಯ ಒಂದು ಪಿಂಗಾಣಿ ಬಟ್ಟಲು ತಂದದ್ದೇ ತಂದದ್ದು, ತಲೆಗೆ ಹುಳ ಹೊಕ್ಕಂತಾಯಿತು. ತಾನೂ ಅಂಥದ್ದು ಮಾಡಬೇಕು. ಬಿಸಿಲಿಗೆ ಹಿಡಿದರೆ ಹಿಂದಿನ ಬೆರಳಿನ ನೆರಳು ಕಾಣಬೇಕು, ಅಷ್ಟೇ. ಬಿಳಿ ಜೇಡಿಗೆ ಬೆಣಚುಕಲ್ಲಿನ ಪುಡಿ, ಬೆಂಕಿಗೆ ಕರಗುವ ಇನ್ನೊಂದು ಬಿಳಿಕಲ್ಲಿನ ಪುಡಿ ಬೆರೆಸಿದ. ಮಡಕೆ ಸುಡುವ ಗೂಡನ್ನು ಎತ್ತರಿಸಿದ. ಪ್ರತಿ ಸಲವೂ ಹೊರಬಂದದ್ದು ಸುಣ್ಣದುಂಡೆಯಂಥ ಬಟ್ಟಲು. ನಾಲಿಗೆ ಇಟ್ಟರೆ, ಪೂರ್ತಿ ಬೇಯದ ಮಣ್ಣಿನಂತೆ ಅಂಟಿಕೊಳ್ಳುತ್ತಿತ್ತು. ಕೇರಿಯವರಿಗೆ ನಗಲು ಇನ್ನೇನು ಬೇಕು?

ಈ ಸಲ ಉರಿ ಹೆಚ್ಚಲೆಂದು ಬರೀ ಹುಣಸೆ ಸೌದೆ ಉರಿಸಿ, ರೆಪ್ಪೆ ಮುಚ್ಚದೆ ಬೆಂಕಿ ಕಾದು, ಗೂಡು ಆರುವ ಹೊತ್ತಿಗೆ ಜ್ವರ ಬಂದು ಮಲಗಿಬಿಟ್ಟ. ಗೂಡು ಬಿಚ್ಚುವುದು ಅವರ ಮನೆಯಲ್ಲಿ ಹೆಂಗಸರ ಕೆಲಸ. ಸೊಟ್ಟಗಾದದ್ದನ್ನು ಅಲ್ಲೇ ಒಡೆಯಬೇಕು, ಒಳಗೆ ತರಬಾರದು. ಹೆಂಡತಿ ಪುಟ್ಟಲಕ್ಷ್ಮಿ ಬಿಚ್ಚಿ, ಬೆಳ್ಳಗಿನ ಒಂದೇ ಒಂದು ಬಟ್ಟಲನ್ನು ತಂದು ಅವನ ಕೈಗಿಟ್ಟಳು. ಎದ್ದು ಹೊರಬಂದು ಬಿಸಿಲಿಗೆ ಹಿಡಿದ. ಬೆರಳು ಕಂಡಿತು. ತಲೆ ನರೆತ ಗಂಡಸು ಕೇರಿಯ ನಡುವೆ ನಿಂತು ಅತ್ತುಬಿಟ್ಟ. ನಕ್ಕವರೆಲ್ಲ ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟರು.

ಮರುದಿನ ಹಿಗ್ಗಿನಲ್ಲಿ ಅಂಗಡಿಯದನ್ನೂ ತನ್ನದನ್ನೂ ಪಕ್ಕಪಕ್ಕ ಇಟ್ಟ. ಎರಡೂ ಒಂದೇ ಎತ್ತರ. ಬೆರಳಿನಿಂದ ಮತ್ತೆ ಅಳೆದ. ಹಸಿಮಣ್ಣಿನಲ್ಲಿ ಅವನು ಅದೇ ಅಳತೆಗೆ ತಿರುಗಿಸಿದ್ದ. ಬೆಂದ ಮಣ್ಣು ಕುಗ್ಗದೆ ಇರುತ್ತದೆಯೇ? ತನ್ನದು ಗಿಡ್ಡವಾಗಬೇಕಿತ್ತು.

ಕೇಳಿದಾಗ ಪುಟ್ಟಲಕ್ಷ್ಮಿ ಮುಚ್ಚಿಡಲಿಲ್ಲ. ನಂಜನಗೂಡಿಗೆ ಹೋದವರ ಕೈಲಿ ಅಂಗಡಿಯ ಬಟ್ಟಲಿನ ಜೋಡಿಯನ್ನು ಮೊದಲೇ ತರಿಸಿಟ್ಟಿದ್ದಳಂತೆ. ಅದನ್ನೇ ಗೂಡಿನಿಂದ ಬಂದದ್ದೆಂದು ಅವನ ಕೈಗಿಟ್ಟಿದ್ದಳು.

“ನಿಮ್ ಕೈಲಿ ಆಗಕಿಲ್ಲ ಅಂತ ನಂಗೆ ಗೊತ್ತಿತ್ತು. ಒಂದ್ಸಲ ಆಯ್ತು ಅನ್ಸುದ್ರೆ ಬುಟ್ಬುಡ್ತೀರಿ, ಜೀವ ಉಳೀತದೆ ಅಂದ್ಕಂಡೆ.”

ಕೇರಿ ನಕ್ಕಾಗ ಆಗದ ಸಂಕಟ ಈಗ ಆಯಿತು. ಕೇರಿಯವರು ಎದುರಿಗೇ ನಕ್ಕಿದ್ದರು. ಇವಳು ಅವನ ಜೊತೆ ಕಲ್ಲು ಕುಟ್ಟುತ್ತ, ಜೇಡಿ ಸೋಸುತ್ತ, ಒಳಗೊಳಗೇ ಅವನನ್ನು ಸೋಲಿಸಿ ಕೂತಿದ್ದಳು. ಹಾಗಾದರೆ ತನ್ನ ಬಟ್ಟಲುಗಳೆಲ್ಲಿ ಎಂದು ಕೇಳಿದ. ಎಲ್ಲವೂ ಕುಸಿದು ಸೊಟ್ಟಗಾಗಿದ್ದವು, ಒಡೆದು ಹಿತ್ತಲ ಗುಂಡಿಗೆ ಹಾಕಿದೆ ಎಂದಳು.

ಚೆಲುವಯ್ಯ ಗುಂಡಿಗಿಳಿದು ಕೆದಕಿದ. ಬಾಗಿದ ಅಂಚಿನ ಚೂರೊಂದು ಸಿಕ್ಕಿತು. ನಾಲಿಗೆಗೆ ಅಂಟಲಿಲ್ಲ. ಬಿಸಿಲಿಗೆ ಹಿಡಿದರೆ ಬೆರಳಿನ ನೆರಳು ಮೂಡಿತು. ಕರಗುವ ಮಟ್ಟಕ್ಕೆ ಕಾದಾಗಲೇ ಅದು ಪಿಂಗಾಣಿಯಾಗುವುದು, ಬಾಗುವುದೂ ಆಗಲೇ. ಮಡಕೆ ಮಾಡುವ ಮನೆಯಲ್ಲಿ ಅದು ಯಾರಿಗೆ ಗೊತ್ತಿತ್ತು?

ಹಿಂದೆಯೇ ಬಂದ ಹೆಂಡತಿಯ ಕೈಗೆ ಚೂರನ್ನು ಕೊಟ್ಟ. ಅವಳೂ ಬಿಸಿಲಿಗೆ ಹಿಡಿದಳು. ಅವಳಿಗೂ ಬೆರಳು ಕಂಡಿತು.

“ಆಗಿತ್ತು ಕಣೆ,” ಎಂದ. “ಕೇರಿಗೆಲ್ಲ ಅಂಗ್ಡಿದ್ನ ತೋರ್ಸಾಯ್ತು, ಇನ್ ಯಾರ್ ನಂಬ್ತಾರೆ? ನೀನೇ ನಂಬ್ನಿಲ್ಲ.”

ಅವಳು ಗುಂಡಿಯ ಅಂಚಿನಲ್ಲಿ ಕುಸಿದು ಕೂತು ಅತ್ತಳು. ಅವನು ಸಮಾಧಾನ ಮಾಡಲಿಲ್ಲ.