ತಮ್ಮ ಕೊಟ್ಟ ಕಿಡ್ನಿ

ಪೆಟ್ಟಿಗೆಯ ಹಿಡಿಗೆ ಅವನು ಕೈ ಹಾಕಿದ್ದನಷ್ಟೆ, ಭಾಮೈದ ನುಗ್ಗಿ ಬಂದು ಆ ಕೈಯನ್ನು ಕಿತ್ತು ಸರಿಸಿದ.

"ನೀವು ಮುಟ್ಟಬೇಡಿ, ಭಾವ. ಕೊಂದ ಕೈ ಅದು."

ಶವಾಗಾರದ ಬಾಗಿಲಲ್ಲಿ ನಿಂತಿದ್ದವರೆಲ್ಲ ನೆಲ ನೋಡಿದರು. ಬಿಡಿಸಲು ಯಾರೂ ಮುಂದೆ ಬರಲಿಲ್ಲ. ಸತ್ತವಳು ಅವನ ಹೆಂಡತಿ. ಅವನು ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವನು. ಜಗಳವೆಂದರೆ ಒಲೆ ಸಣ್ಣ ಮಾಡಿ ಅತ್ತ ಸರಿದು ನಿಲ್ಲುವ ಪೈಕಿ. ಭಾಮೈದ ವೆಲ್ಡಿಂಗ್ ಕೆಲಸದವನು, ಅವನ ಹಿಡಿತ ಇಕ್ಕಳದ ಹಾಗೆ. ಗಂಡ ಮಣಿಕಟ್ಟು ತಿಕ್ಕಿಕೊಳ್ಳುತ್ತ ಹಿಂದೆ ಸರಿದ. ಪೆಟ್ಟಿಗೆಯನ್ನು ಬೇರೆಯವರು ಎತ್ತಿದರು.

ಗಾಡಿಯೊಳಗೆ ಅವನ ಪಕ್ಕ ಯಾರೂ ಕೂರಲಿಲ್ಲ. ಎದುರಿನ ಸೀಟಿನಲ್ಲಿ ಹೆಂಡತಿಯ ದೊಡ್ಡಮ್ಮ ಕೂತಿದ್ದರು. ಅವರು ಗುಟ್ಟು ಹೇಳಿದರೂ ಬೀದಿಗೆ ಕೇಳಿಸುತ್ತದೆ.

"ರಕ್ತದಲ್ಲಿ ಬೂಷ್ಟು ಬಂದಿತ್ತಂತೆ. ಬೂಷ್ಟು! ಮನುಷ್ಯರ ರಕ್ತಕ್ಕೆ ಅದು ಎಲ್ಲಿಂದ ಬರತ್ತೆ ಹೇಳಿ. ಕ್ಯಾಂಟೀನಲ್ಲಿ ಮಿಕ್ಕಿದ್ದು, ಹಳಸಿದ್ದು ತಂದು ಹಾಕಿದ್ರೆ ಇನ್ನೇನಾಗತ್ತೆ?"

ಅವನ ಕಿವಿ ಬಿಸಿಯಾಯಿತು. ಕಿಡ್ನಿ ಹಾಕಿಸಿಕೊಂಡು ಬಂದ ದಿನದಿಂದ ಅವಳಿಗೆಂದು ಬೇರೆ ಪಾತ್ರೆ, ಬೇರೆ ಚಾಕು, ಬೇರೆ ಒರೆಸುವ ಬಟ್ಟೆ ಇಟ್ಟಿದ್ದ. ಕುದಿಸದ ನೀರು ಅವಳ ತುಟಿಗೆ ತಾಗಿರಲಿಲ್ಲ. ಹಣ್ಣನ್ನು ಸಹ ತಾನೇ ತೊಳೆದು, ಸಿಪ್ಪೆ ತೆಗೆದು ಕೊಡುತ್ತಿದ್ದ. "ನನ್ನ ಮೈ ತೊಳೆದದ್ದಕ್ಕಿಂತ ಜಾಸ್ತಿ ಈ ಸೇಬು ತೊಳೆದಿದ್ದೀರಿ" ಎಂದು ಅವಳು ನಗುತ್ತಿದ್ದಳು. ಈಗ ಅವನ್ನೆಲ್ಲ ಯಾರ ಮುಂದೆ ಹೇಳುವುದು? ಬಾಯಿ ಬಿಟ್ಟರೆ ಕಳ್ಳನ ಸಮಜಾಯಿಷಿಯಂತೆ ಕೇಳಿಸುತ್ತದೆ.

*

ಅವಳು ಶಾಲಾ ವ್ಯಾನು ಓಡಿಸುತ್ತಿದ್ದಳು. ಮನೆಬಾಗಿಲಲ್ಲಿ ಒಂದು ಹಾರ್ನು ಹೊಡೆದು, ಎರಡನೆಯದನ್ನು ಬಾಯಿಂದಲೇ ಹೊಡೆಯುತ್ತಿದ್ದಳು: "ಷೂ ಹಾಕ್ಕೊಳ್ಳೋಕೆ ಇಡೀ ಜನ್ಮ ಬೇಕೇನ್ರೋ?" ಮಕ್ಕಳು ಹಾರ್ನ್ ಆಂಟಿ ಎಂದು ಹೆಸರಿಟ್ಟಿದ್ದರು. ಗಂಡ ಹೆಂಡಿರಿಗೆ ಮಕ್ಕಳಿರಲಿಲ್ಲ. ಕೇಳಿದವರಿಗೆ, "ಇರೋವೇ ಒಂದು ವ್ಯಾನು ತುಂಬ ಇದಾವೆ, ಇನ್ನೊಂದಕ್ಕೆ ಸೀಟಿಲ್ಲ" ಎನ್ನುತ್ತಿದ್ದಳು.

ಕಿಡ್ನಿಗಳೆರಡೂ ಕೈಕೊಟ್ಟಾಗ ಅವಳ ತಮ್ಮ, ಈ ಭಾಮೈದನೇ, ತನ್ನದೊಂದನ್ನು ಕೊಟ್ಟ. ಕೊಟ್ಟವನು ಅಲ್ಲಿಗೇ ಬಿಡಲಿಲ್ಲ. ದಿನಾ ಬೆಳಗ್ಗೆ ಫೋನು. "ಹೇಗಿದೆ ನನ್ನದು?"

"ನಿನ್ನ ಹಾಗೇ ಇದೆ. ಹೇಳಿದ ಮಾತು ಕೇಳಲ್ಲ."

ಒಮ್ಮೊಮ್ಮೆ ಹೇಳದೆ ಕೇಳದೆ ಬಂದು ಮಾತ್ರೆಯ ಡಬ್ಬಿ ತೆರೆದು ನೋಡುತ್ತಿದ್ದ. ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದ ಹಾಗೆ ಅವಳು ನಿತ್ಯ ನುಂಗಬೇಕಾಗಿದ್ದ ಮಾತ್ರೆಗಳವು. ಮೈಯ ಕಾವಲನ್ನೇ ಅವು ಮಲಗಿಸುತ್ತಿದ್ದವು. ಹಾಗಾಗಿ ಮಕ್ಕಳ ನೆಗಡಿ ಕೆಮ್ಮಿನ ನಡುವೆ ವ್ಯಾನು ಓಡಿಸಬೇಡ ಎಂದು ತಮ್ಮ ಹಟ ಹಿಡಿದ.

"ಕೊಟ್ಟಿದ್ದು ಕಿಡ್ನಿ ಕಣೋ ತಂತಿ, ಸ್ಟೇರಿಂಗ್ ಅಲ್ಲ," ಎಂದಳು ಅವಳು. ಸಣಕಲನಾದ್ದರಿಂದ ಚಿಕ್ಕಂದಿನಿಂದಲೂ ಅವಳಿಗೆ ಅವನು ತಂತಿ.

"ಹಾಳು ಮಾಡ್ಕೊಂಡ್ರೆ ನನ್ನ ಮುಖ ನೋಡಬೇಡ."

"ಈಗೇನು ನೋಡಿ ಧನ್ಯಳಾಗಿದ್ದೀನಾ?"

ಅಲ್ಲಿಗೆ ಅಕ್ಕ ತಮ್ಮನ ಮಾತು ನಿಂತಿತು. ಫೋನು ಮಾತ್ರ ನಿಲ್ಲಲಿಲ್ಲ, ಭಾವನಿಗೆ ಬರತೊಡಗಿತು.

ಆಮೇಲೆ ಕರುಳು ತೂತಾಗಿ ಆಪರೇಷನ್ನಾಯಿತು. ಬಾಯಿಂದ ಉಣ್ಣುವಂತಿರಲಿಲ್ಲ, ಕತ್ತಿನ ರಕ್ತನಾಳಕ್ಕೆ ನಳಿಕೆ ಇಟ್ಟು ಅದರಲ್ಲೇ ಆಹಾರ ಹರಿಸಿದರು. ಹೊಲಿಗೆ ಮಾಯುತ್ತಿತ್ತು, ಆದರೆ ಜ್ವರ ಹತ್ತಿತು. ಯಾವ ಔಷಧಿಗೂ ಜಗ್ಗಲಿಲ್ಲ. ಭಾಮೈದ ಆಸ್ಪತ್ರೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕೂತ. ಅಕ್ಕನೇ ಕರೆಯಲಿ ಎಂದು ಇವನು ಹೊರಗೆ. ತಾನಾಗಿ ಬರಲಿ ಎಂದು ಅವಳು ಒಳಗೆ. ನಡುವೆ ಒಂದು ಬಾಗಿಲು, ಅದಕ್ಕೆ ಬೀಗವೂ ಇರಲಿಲ್ಲ.

*

ಸ್ಮಶಾನದಲ್ಲಿ ಗುಂಡಿ ತೋಡಿ ಮುಗಿದಿತ್ತು. ಪೆಟ್ಟಿಗೆ ಇಳಿಸುವ ಹೊತ್ತಿಗೆ ಆಸ್ಪತ್ರೆಯ ಡಾಕ್ಟರಮ್ಮ ಬಂದರು. ಬಿಳಿ ಕೋಟಿಲ್ಲದೆ ಅವರು ಇನ್ನೂ ಚಿಕ್ಕವರಾಗಿ ಕಂಡರು. ದೂರದಲ್ಲೇ ನಿಂತು ಹೊರಟುಹೋಗುವ ಯೋಚನೆ ಇತ್ತೇನೋ, ದೊಡ್ಡಮ್ಮ ಬಿಡಬೇಕಲ್ಲ.

"ಡಾಕ್ಟ್ರೇ, ನೀವೇ ಹೇಳಿಬಿಡಿ. ಹಳಸಿದ್ದು ತಿಂದೇ ತಾನೇ ಆ ಬೂಷ್ಟು ಹಿಡಿದಿದ್ದು?"

ಎಲ್ಲರ ತಲೆಯೂ ತಿರುಗಿತು. ಡಾಕ್ಟರಮ್ಮ ಒಮ್ಮೆ ಅವನ ಕಡೆ ನೋಡಿ, "ಇಲ್ಲಮ್ಮ," ಎಂದರು. "ಊಟಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಶಿಲೀಂಧ್ರ ನಿಮ್ಮ ಬಾಯಲ್ಲೂ ಇದೆ, ನನ್ನ ಹೊಟ್ಟೇಲೂ ಇದೆ. ಸುಮ್ನೆ ಬಿದ್ದಿರತ್ತೆ. ಮೈಯಲ್ಲಿ ಶಕ್ತಿ ಇಲ್ಲದವರಿಗೆ ದಾರಿ ಸಿಕ್ಕರೆ ರಕ್ತಕ್ಕೆ ಇಳಿಯತ್ತೆ."

"ದಾರಿ ಅಂದ್ರೆ?" ಭಾಮೈದ ಮುಂದೆ ಬಂದ. "ನೀವು ಕತ್ತಿಗೆ ಚುಚ್ಚಿದ್ರಲ್ಲ, ಆ ನಳಿಕೆನಾ?"

"ಇರಬಹುದು. ಕರುಳಿಂದಲೂ ಬಂದಿರಬಹುದು. ಗೊತ್ತಾದ ಕೂಡಲೇ ನಳಿಕೆ ತೆಗೆದ್ವಿ, ಔಷಧಿ ಶುರು ಮಾಡಿದ್ವಿ."

"ಆಹಾ, ಮಾಡಿದ್ರಿ! ಕಿಡ್ನಿ ಕಾಯೋ ಮಾತ್ರೆನೂ ನಿಲ್ಲಿಸಿದ್ರಿ. ನನ್ನ ಮೈ ಕುಯ್ದು ಕೊಟ್ಟಿದ್ದು ಅದು. ಯಾರನ್ನ ಕೇಳಿ ನಿಲ್ಲಿಸಿದ್ರಿ?"

ಡಾಕ್ಟರಮ್ಮನ ಕಣ್ಣು ಸತ್ತವಳ ಗಂಡನತ್ತ ಹೊರಳಿತು. ಅಷ್ಟೇ ಸಾಕಾಯಿತು.

"ನೋಡಿ, ಬಾಯಿ ಬಿಡ್ತಾನಾ ನೋಡಿ!" ಭಾಮೈದ ಅವನ ಎದೆಗೆ ಬೆರಳು ಊರಿದ. ಬಹುವಚನ ಉದುರಿಹೋಗಿತ್ತು. "ನೀನೇ ಹೂಂ ಅಂದೆ ಅಂತ ಆವತ್ತೇ ಹೇಳಿದೆಯಲ್ಲ, ಈಗ ಎಲ್ಲರ ಎದುರು ಹೇಳು. ಆರೈಕೆ ಮಾಡಿ ಸಾಕಾಗಿತ್ತು ನಿನಗೆ. ತೊಲಗಲಿ ಅನ್ನಿಸಿತ್ತು."

*

ಆವತ್ತು ಮಧ್ಯಾಹ್ನ ಕಣ್ಣಿನ ಡಾಕ್ಟರು ಬಂದು ಹೋಗಿದ್ದರು. ಶಿಲೀಂಧ್ರ ಕಣ್ಣಿಗೂ ಹೋಗಿತ್ತು. ಎಡಗಣ್ಣಿನ ಹಿಂಭಾಗದಲ್ಲಿ ಬಿಳಿ ಚುಕ್ಕೆಗಳಿದ್ದವು. ಅವಳು ಬಲಗಣ್ಣು ಮುಚ್ಚಿಕೊಂಡು ಗಂಡನನ್ನು ನೋಡಿ, "ಹೀಗೇ ಚೆನ್ನಾಗಿ ಕಾಣ್ತೀರಿ, ಮಬ್ಬಾಗಿ," ಎಂದಳು. ಅವನಿಗೆ ನಗು ಬರಲಿಲ್ಲ.

ಡಾಕ್ಟರಮ್ಮ ಮಂಚದ ಪಕ್ಕ ಕೂತು ಬಿಡಿಸಿ ಹೇಳಿದರು. ಔಷಧಿಯೊಂದೇ ಹೊಡೆದಾಡುತ್ತಿದೆ, ಮೈ ಮಲಗಿದೆ. ರಕ್ತದಲ್ಲಿ ಅದು ಮತ್ತೆ ಮತ್ತೆ ಸಿಗುತ್ತಿದೆ. ಕಿಡ್ನಿಗಾಗಿ ಕೊಡುವ ಮಾತ್ರೆ ನಿಲ್ಲಿಸಿದರೆ ಮೈ ಎಚ್ಚರಾಗಬಹುದು. ಆದರೆ ಎಚ್ಚರಾದ ಮೈ ಕಿಡ್ನಿಯ ಮೇಲೂ ತಿರುಗಿಬೀಳಬಹುದು.

"ಕಿಡ್ನಿ ಹೋದ್ರೆ ಮತ್ತೆ ಡಯಾಲಿಸಿಸ್. ನಾನು ಹೋದ್ರೆ ಅದೂ ನನ್ನ ಜೊತೆಗೇ ಬರತ್ತಲ್ಲ," ಎಂದಳು ಅವಳು. "ನಿಲ್ಲಿಸಿ."

ಅವನು ತಡೆದ. "ತಂತೀನ ಒಂದು ಮಾತು ಕೇಳೋಣ. ಹೊರಗೇ ಇದಾನೆ."

"ಬೇಡ." ಅವಳು ಗಂಡನ ಅಂಗಿ ಹಿಡಿದೆಳೆದಳು. ಜ್ವರದ ಕೈ ಬೆಂಕಿಯಾಗಿತ್ತು. "ನಾನು ಹೇಳ್ದೆ ಅಂತ ಅವನಿಗೆ ಗೊತ್ತಾಗಬಾರದು. ನೀವೇ ಹೂಂ ಅಂದ್ರಿ ಅನ್ನಿ."

"ನನ್ನ ಸುಟ್ಟುಬಿಡ್ತಾನೆ ಕಣೆ."

"ಸುಡಲಿ. ನಿಮ್ಮ ಮೇಲೆ ಸಿಟ್ಟಿದ್ರೆ ಉಂಡು ತಿಂದು ಬದುಕ್ಕೋತಾನೆ. ಅವನು ಕೊಟ್ಟಿದ್ದನ್ನ ನಾನೇ ಕೈಯಾರೆ ಬಿಸಾಕಿದೆ ಅಂತ ಗೊತ್ತಾದ್ರೆ ಮುರಿದುಬೀಳ್ತಾನೆ. ಮೇಲೆ ಮಾತ್ರ ಕಬ್ಬಿಣ ಅದು."

ಅವನು ಒಪ್ಪಿದ. ಹೊರಗೆ ಹೋಗಿ, ನಾನೇ ಹೂಂ ಅಂದೆ ಎಂದ. ಭಾಮೈದ ಎದ್ದು, ಬೆಂಚನ್ನು ಒದ್ದು ಹೊರಟುಹೋದ. ಆಮೇಲೆ ಕಿಡ್ನಿ ನಿಂತಿತು. ಕೊನೆಗೊಂದು ದಿನ ರಕ್ತ ಶುದ್ಧವಾಗಿದೆ ಎಂದು ವರದಿ ಬಂತು; ಅವಳು ಗಂಡನ ಕೈ ಚಿವುಟಿ, "ಗೆದ್ದೆ ಅಲ್ವಾ?" ಎಂದಳು. ಮರುದಿನ ಬೆಳಗ್ಗೆ ಹೃದಯ ಸೋತಿತು. ಹೃದಯದ ಕವಾಟದಲ್ಲಿ ಶಿಲೀಂಧ್ರ ಆಗಲೇ ಮನೆ ಮಾಡಿಕೊಂಡಿತ್ತು.

*

ಎದೆಗೆ ಊರಿದ್ದ ಬೆರಳನ್ನು ಅವನು ನೋಡಿದ. ದೊಡ್ಡಮ್ಮನ ತೆರೆದ ಬಾಯಿಯನ್ನೂ ಅರ್ಧ ಇಳಿದ ಪೆಟ್ಟಿಗೆಯನ್ನೂ ನೋಡಿದ. ಅವನಿಗೆ ಸತ್ತವಳ ಮೇಲೇ ಸಿಟ್ಟು ಬಂತು. ತಮ್ಮನನ್ನು ಉಳಿಸಿಕೊಂಡಳು, ಗಂಡನನ್ನು ಈ ಜನರ ಬಾಯಿಗೆ ಹಾಕಿ ಹೋದಳು. ಸಹನೆಗೂ ಒಂದು ತಳ ಇರುತ್ತದೆ, ಅದು ಸೀದುಹೋಯಿತು.

"ನಿಲ್ಲಿಸಿ ಅಂದವಳು ನಿಮ್ಮಕ್ಕ," ಎಂದ. "ನಾನಲ್ಲ. ತಂತೀಗೆ ಹೇಳಬೇಡಿ ಅಂತ ನನ್ನ ಅಂಗಿ ಹಿಡ್ಕೊಂಡಳು. ಮೇಲೆ ಮಾತ್ರ ಕಬ್ಬಿಣ, ಗೊತ್ತಾದ್ರೆ ಮುರಿದುಬೀಳ್ತಾನೆ ಅಂದಳು. ಈಗ ಬೀಳು. ಎಲ್ಲರೂ ನೋಡಲಿ."

"ಸುಳ್ಳು," ಎಂದ ಭಾಮೈದ. ಅವನು ಡಾಕ್ಟರಮ್ಮನ ಕಡೆ ತಿರುಗಿದ. ಅವರು ಮೆಲ್ಲಗೆ ತಲೆಯಾಡಿಸಿದರು.

ಬೆರಳು ಇನ್ನೂ ಎದೆಯ ಮೇಲೇ ಇತ್ತು, ಒತ್ತುತ್ತಿರಲಿಲ್ಲ. ಗಂಡನಿಗೆ ಗೆದ್ದ ಹಾಗಾಗಬೇಕಿತ್ತು. ಆಗಲಿಲ್ಲ.

"ಹೇಳಬೇಡಿ ಅಂದಿದ್ಲಲ್ಲ," ಎಂದ ಭಾಮೈದ ಕೊನೆಗೆ. "ಮತ್ಯಾಕೆ ಹೇಳಿದ್ರಿ?"

ಉತ್ತರಕ್ಕೆ ಕಾಯದೆ ಹೋಗಿ ಕೂಲಿಯವನ ಕೈಯಿಂದ ಸಲಿಕೆ ಕಿತ್ತುಕೊಂಡ. ಪೆಟ್ಟಿಗೆ ತಳ ಮುಟ್ಟಿದ ಮೇಲೆ ಒಬ್ಬನೇ ಮಣ್ಣು ಎಳೆದ. ಯಾರೋ ಕೈಜೋಡಿಸಲು ಬಂದರೆ ಮೊಣಕೈಯಿಂದ ನೂಕಿದ. ಉಸಿರು ಸಿಕ್ಕಿಕೊಂಡಾಗ ಸಲಿಕೆಯ ಮೇಲೆ ಬಗ್ಗಿ ನಿಲ್ಲುವನು, ಮತ್ತೆ ಎಳೆಯುವನು. ಅಳುತ್ತಿದ್ದಾನೋ ಬೆವರುತ್ತಿದ್ದಾನೋ ಹೇಳಲಾಗುತ್ತಿರಲಿಲ್ಲ. ದೊಡ್ಡಮ್ಮನನ್ನು ಯಾರೋ ಕೈಹಿಡಿದು ಗಾಡಿಗೆ ಕರೆದೊಯ್ದರು. ಸತ್ತವಳ ಗಂಡನ ಮುಂದೆ ಹಾದುಹೋಗುವಾಗ ಅವರು ಸೆರಗು ಸರಿಮಾಡಿಕೊಂಡರು. ಡಾಕ್ಟರಮ್ಮ ಯಾವಾಗ ಹೋದರೋ ತಿಳಿಯಲಿಲ್ಲ.

ಮಣ್ಣು ದಿಬ್ಬವಾದ ಮೇಲೆ ಗಂಡ ಮಂಡಿಯೂರಿ ಎರಡೂ ಅಂಗೈಯಿಂದ ಅದನ್ನು ತಟ್ಟಿದ. ಆಗ ಮಾತ್ರ ಭಾಮೈದ ತಡೆಯಲಿಲ್ಲ.

ಗೇಟಿನ ಪಕ್ಕ ಒಂದು ನಲ್ಲಿಯಿತ್ತು. ಭಾಮೈದ ಮೊದಲು ಹೋಗಿ ಕೈ ತೊಳೆದ, ಮುಖ ತೊಳೆದ, ಕತ್ತಿಗೆ ನೀರು ಹಾಕಿಕೊಂಡ. ಭಾವ ಮಣ್ಣಿನ ಕೈಗಳನ್ನು ಮೈಗೆ ತಾಗದಂತೆ ಮುಂದೆ ಹಿಡಿದು ಸ್ವಲ್ಪ ದೂರದಲ್ಲಿ ನಿಂತಿದ್ದ. ಭಾಮೈದ ನೇರವಾದ, ಅವನ ಮುಖ ನೋಡಲಿಲ್ಲ. ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು, ನಲ್ಲಿಯನ್ನು ನಿಲ್ಲಿಸಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಗೇಟು ದಾಟಿ ಹೋದ. ನೀರು ಕಲ್ಲಿನ ಮೇಲೆ ಹಾಗೇ ಸುರಿಯುತ್ತಿತ್ತು.