ಗ್ರಿಂಡೆಲಿ ಎಂಬ ಮನೆಹೆಸರು

ಟೊಲೆಫ್ ಮರದ ಶಿಲುಬೆಯ ಮೇಲೆ 'ಸಿಗ್ನೆ ಹೌಗ್ಸೆಟ್' ಎಂದು ಕಪ್ಪು ಬಣ್ಣದಲ್ಲಿ ಬರೆದು ಮುಗಿಸುವಾಗ ತಂಗಿ ರಾನ್‌ಫ್ರಿಡ್ ಸೌದೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಇನ್ನೊಂದು ಗಂಟೆಯಲ್ಲಿ ತಾಯಿಯ ಶವಪೆಟ್ಟಿಗೆ ಚರ್ಚಿಗೆ ಹೊರಡಬೇಕಿತ್ತು.

"ಅಣ್ಣ, ಅಮ್ಮನ ಹೆಸರು ಗ್ರಿಂಡೆಲಿ. ನಮ್ಮದೂ ಅದೇ."

"ನಲವತ್ತು ವರ್ಷ ಈ ಹೌಗ್ಸೆಟ್ ಜಮೀನಲ್ಲಿ ಬಾಳಿದ್ಲು. ಓಡಿಸಿದವರ ಹೆಸರನ್ನ ನಾನಂತೂ ಅವಳ ತಲೆ ಮೇಲೆ ನೆಡಲ್ಲ."

ಅವನ ಸಿಟ್ಟಿಗೆ ಕಾರಣವಿತ್ತು. ನಮ್ಮ ಕಣಿವೆಯಲ್ಲಿ ಹಿಂದೆ ಯಾವ ಜಮೀನಿನಲ್ಲಿದ್ದರೆ ಆ ಜಮೀನಿನ ಹೆಸರೇ ಮನುಷ್ಯನಿಗೆ. ಬಿಡಾರ ಬದಲಾದರೆ ಹೆಸರೂ ಬದಲು. ಒಡೆಯನಿಗೂ ಅದೇ, ಹೊಲದಂಚಿನ ಗುಡಿಸಲಲ್ಲಿದ್ದ ಆಳಿಗೂ ಅದೇ. ಹಾಗಾಗಿ ಗ್ರಿಂಡೆಲಿ ಜಮೀನು ಒಂದೇ ಆದರೂ ಹಾಲಿನ ಡೈರಿಯಲ್ಲಿ 'ಗ್ರಿಂಡೆಲಿ' ಎಂದು ಕೂಗಿದರೆ ಇವತ್ತಿಗೂ ಆರು ಜನ ತಿರುಗಿ ನೋಡುತ್ತಾರೆ. ಅವರಲ್ಲಿ ಐವರಿಗೆ ಅಲ್ಲಿ ಗೇಣು ನೆಲವಿಲ್ಲ. ಟೊಲೆಫನ ಅಪ್ಪ ಅಲ್ಲಿ ಹನ್ನೊಂದು ವರ್ಷ ದುಡಿದ. ಬೆನ್ನು ಹಿಡಿದು ಮಲಗಿದ ವರ್ಷವೇ ಒಡೆಯ ಗುಡಿಸಲು ಖಾಲಿ ಮಾಡಿಸಿದ.

ರಾನ್‌ಫ್ರಿಡ್ ವಾದಕ್ಕಿಳಿಯದೆ ಪಕ್ಕದ ಮನೆಯ ಮುದುಕಿ ಬೆರ್ಗಿಟ್‌ಳನ್ನು ಕರೆತಂದಳು. ಬೆರ್ಗಿಟ್ ದಿಮ್ಮಿಯ ಮೇಲೆ ಕುಳಿತು ಶಿಲುಬೆಯನ್ನು ಓದಿದಳು.

"ಅಕ್ಷರ ಚೆನ್ನಾಗಿದೆ, ಹೆಸರು ತಪ್ಪು. ಅವಳು ಹೆಸರು ಬರೆಸಿದ ದಿನ ನಾನೂ ಜೊತೆಗಿದ್ದೆ ಕಣೋ."

*

ಎಲ್ಲರಿಗೂ ಬದಲಾಗದ ಒಂದು ಮನೆಹೆಸರು ಇರಬೇಕೆಂದು ಕಾನೂನು ಬಂದ ವರ್ಷವದು. ಸಿಗ್ನೆ ಮತ್ತು ಅವಳ ಗಂಡ ಹೌಗ್ಸೆಟ್‌ಗೆ ಬಂದು ಎರಡು ವರ್ಷವಾಗಿತ್ತು. ಹೆಸರು ನೋಂದಿಸುವ ಅಧಿಕಾರಿ ಲೇಖನಿ ಎತ್ತುವ ಮೊದಲೇ ಗಂಡ 'ಹೌಗ್ಸೆಟ್' ಎಂದ. ನಾಲ್ಕು ಜನರೆದುರು ಎಂದೂ ಗಂಡನ ಮಾತಿಗೆ ಎದುರಾಡದ ಸಿಗ್ನೆ ಅವನ ತೋಳು ಹಿಡಿದು, ಗ್ರಿಂಡೆಲಿ ಎಂದು ಬರೆಯಿರಿ ಎಂದಳು. ಬೀದಿಗೆ ಹಾಕಿದವರ ಹೆಸರು ನಿನಗೇಕೆ ಎಂದು ಗಂಡ ಅಲ್ಲೇ ರೇಗಿದ.

"ಮಗು ಆ ಹೆಸರಲ್ಲೇ ಮಣ್ಣಿಗೆ ಹೋಯ್ತಲ್ರೀ. ನಾವು ಬೇರೆ ಹೆಸರು ಇಟ್ಕೊಂಡ್ರೆ ಅದು ಯಾರ ಮಗು ಅಂತ ಆಗುತ್ತೆ?"

ಗಂಡ ತಲೆ ತಗ್ಗಿಸಿದ. ಅಧಿಕಾರಿ ಅವಳು ಹೇಳಿದ್ದನ್ನೇ ಬರೆದುಕೊಂಡ.

*

ಟೊಲೆಫನಿಗೊಬ್ಬ ಅಣ್ಣನಿದ್ದ ವಿಷಯವನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಅವನು ಊಟಕ್ಕೆ ಕೂತಾಗಲೆಲ್ಲ ಗ್ರಿಂಡೆಲಿ ಎಂಬ ಹೆಸರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ; ಅಮ್ಮ ಆಲೂಗಡ್ಡೆ ಬಡಿಸುತ್ತ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು. ಅದು ನೆನಪಾಗಿ ಅವನಿಗೆ ನಾಚಿಕೆಯಾಯಿತು. ಗೋರಿ ಎಲ್ಲಿದೆ ಎಂದು ಕೇಳಿದ. ಮರದ ಗುರುತು ಯಾವತ್ತೋ ಕೊಳೆತುಹೋಯಿತು, ಜಾಗ ಈಗ ಯಾರಿಗೂ ಗೊತ್ತಿಲ್ಲ ಎಂದಳು ಬೆರ್ಗಿಟ್.

"ಹೆಸರೇನು ಅವನದು?"

"ಹಾಲ್ವರ್. ಹನ್ನೊಂದು ತಿಂಗಳಿನವನು."

ಟೊಲೆಫ್ ಉಳಿ ತೆಗೆದುಕೊಂಡು 'ಹೌಗ್ಸೆಟ್' ಅನ್ನು ಹೆರೆದು ಹಾಕಿದ. ಮತ್ತೆ ಬರೆಯತೊಡಗಿದಾಗ ಹೊರಗೆ ಗಾಡಿ ಬಂದು ನಿಂತಿತ್ತು.

ಮಣ್ಣು ಮುಚ್ಚಿ ಶಿಲುಬೆ ನೆಡುವ ಹೊತ್ತಿಗೆ ತುಂತುರು ಶುರುವಾಯಿತು. ಪಾದ್ರಿ ಎಲ್ಲರ ಕೈಕುಲುಕಿದರು. ಜನ ಕಾಫಿಗೆಂದು ಮನೆಯ ಕಡೆ ನಡೆದರು. ರಾನ್‌ಫ್ರಿಡ್ ಗೇಟಿನವರೆಗೆ ಹೋಗಿ ತಿರುಗಿ ನೋಡಿದಳು.

"ಬಾ ಅಣ್ಣ, ಎಲ್ರೂ ಕಾಯ್ತಿದ್ದಾರೆ."

"ಬಣ್ಣ ಇನ್ನೂ ಹಸಿ ಇದೆ. ನೀವು ಶುರು ಮಾಡಿ."

ಅವನು ಬರಿತಲೆಯಲ್ಲಿ ನಿಂತು 'ಸಿಗ್ನೆ ಗ್ರಿಂಡೆಲಿ'ಯ ಮೇಲೆ ತನ್ನ ಟೋಪಿ ಹಿಡಿದಿದ್ದ. ಅದು ಎರಡು ಸಾಲಿಗೆ ಸಾಲದೆ, ಕೆಳಗಿನ 'ಹಾಲ್ವರ್ ಗ್ರಿಂಡೆಲಿ'ಗೆ ಅಂಗೈ ಅಡ್ಡ ಹಿಡಿದಿದ್ದ.