ತೂತಿಲ್ಲದ ಸೊಪ್ಪು

ಸೊಪ್ಪಿನಣ್ಣನ ಮನೆ ಮುಂದಿನ ಮಡಿಯ ಸೊಪ್ಪಿನಲ್ಲಿ ಹುಡುಕಿದರೂ ಒಂದು ತೂತು ಸಿಗುತ್ತಿರಲಿಲ್ಲ. ಅದು ಮಾರುಕಟ್ಟೆಗೆ. ಹಿತ್ತಲಿನ ಮಡಿಯ ಸೊಪ್ಪನ್ನು ಹುಳುಗಳು ಜರಡಿ ಮಾಡಿದ್ದವು. ಅದು ಮನೆಗೆ. "ನಮಗೇನು, ಹೇಗಿದ್ರೂ ನಡೆಯುತ್ತೆ" ಎಂದು ಅವನು ತ್ಯಾಗಮೂರ್ತಿಯಂತೆ ನಗುತ್ತಿದ್ದ.

ಒಂದು ಮಧ್ಯಾಹ್ನ ಅವನು ಉಂಡು ಕೈ ಒರೆಸಿಕೊಳ್ಳುವಾಗ, ತರಕಾರಿಯಲ್ಲಿ ಕೀಟನಾಶಕ ಉಳಿದಿದೆಯೇ ಎಂದು ನೋಡುವ ಪರೀಕ್ಷಕಿ ಪುಟ್ಟ ಪೆಟ್ಟಿಗೆ ಹಿಡಿದು ಬಂದಳು.

"ಅಣ್ಣಾ, ಮಾರೋ ಸೊಪ್ಪಲ್ಲಿ ನಾಲ್ಕು ಎಲೆ ಕೊಡಿ."

"ಇದಕ್ಕೂ ಪರೀಕ್ಷೆನಾ? ಹೇಗೆ ಹೊಳೀತಿದೆ ನೋಡಿ! ವಿಷ ಇದ್ರೆ ವಾಸನೆ ಬರಲ್ವಾ?"

"ಬರಲೇಬೇಕು ಅಂತೇನಿಲ್ಲ. ಕಣ್ಣಿಗೂ ಕಾಣಲ್ಲ."

ಎಲೆಗಳನ್ನು ಚೂರು ಮಾಡಿ, ನೀರಿನಲ್ಲಿ ಕುಲುಕಿ, ಆ ನೀರಿನ ಹನಿಯನ್ನು ಒಂದು ಕಾರ್ಡಿನ ಮೇಲೆ ಬಿಟ್ಟಳು. "ಸ್ವಲ್ಪ ಕಾಯೋಣ. ನೀಲಿಯಾದ್ರೆ ಸರಿ. ಬೆಳ್ಳಗೇ ಇದ್ರೆ ಔಷಧಿ ಉಳಿದಿದೆ ಅಂತ."

ಕಾರ್ಡು ಬೆಳ್ಳಗೇ ಉಳಿಯಿತು.

"ನಿಮ್ಮ ಕಾರ್ಡೇ ಸರಿಯಿಲ್ಲ!" ಎಂದ ಸೊಪ್ಪಿನಣ್ಣ.

ಹಿಂದಿನ ದಿನ ತಾನೇ ಬಂದಿದ್ದ ಅವನ ಅತ್ತೆ ಅಡುಗೆಮನೆಯಿಂದ ಇಣುಕಿದರು. "ಅಯ್ಯೋ, ಆ ಸೊಪ್ಪಾ? ಅಳಿಯಂದ್ರಿಗೆ ಇವತ್ತು ಅದನ್ನೇ ಬೇಯಿಸಿ ಬಡಿಸಿದ್ದು! ಹಿತ್ತಲದ್ದು ಬರೀ ತೂತು ನೋಡಿ, ಅದಕ್ಕೇ..."

ಸೊಪ್ಪಿನಣ್ಣ ಮೂರು ಸಲ ಬಡಿಸಿಕೊಂಡು ತಿಂದಿದ್ದ. ಒಮ್ಮೆಲೇ ಅವನ ನಾಲಿಗೆ ಜೋಮು ಹಿಡಿಯಿತು. "ಅಯ್ಯೋ, ಕಿವಿಯೂ ನೋಯ್ತಿದೆ!" ಎಂದು ಕೂಗಿದ.

"ಔಷಧಿ ಹೊಡೆದು ಎಷ್ಟು ದಿನ ಆಯ್ತು ಅಣ್ಣಾ?"

"ಮೊನ್ನೆ..."

"ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅಂತ ಡಬ್ಬಿ ಮೇಲೆ ಬರೆದಿದೆ?"

"ಡಬ್ಬಿ ಓದೋಕೆ ಪುರುಸೊತ್ತೆಲ್ಲಿ?"

"ನಾನು ಮೂರು ನೀರಲ್ಲಿ ತೊಳೆದಿದ್ದೆ ಕಣಮ್ಮ" ಎಂದರು ಅತ್ತೆ.

"ಒಳ್ಳೇದೇ ಮಾಡಿದ್ರಿ. ತೊಳೆದ್ರೆ ಸ್ವಲ್ಪ ಹೋಗುತ್ತೆ, ಪೂರ್ತಿ ಹೋಗಲ್ಲ. ಅಣ್ಣಾ, ಕಿವಿನೋವು ಭಯಕ್ಕೆ ಬಂದಿರೋದು. ವಾಂತಿ, ತಲೆಸುತ್ತು ಬಂದ್ರೆ ಮಾತ್ರ ತಡ ಮಾಡ್ದೆ ಆಸ್ಪತ್ರೆಗೆ ಹೋಗಿ."

ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ಅವನ ಹೆಂಡತಿ ಹೇಳಿದಳು. "ರೀ, ಒಂದೇ ಊಟಕ್ಕೆ ನಿಮಗೆ ಕಿವಿಯೂ ನೋವು ಬಂತು. ವರ್ಷಗಟ್ಟಲೆ ನಮ್ಮ ಸೊಪ್ಪು ತಿಂದೋರ ಗತಿ ಏನ್ರೀ?"

ಸೊಪ್ಪಿನಣ್ಣ ಎದ್ದ. ಸಂಜೆಯ ಮಾರಾಟಕ್ಕೆಂದು ಕಟ್ಟಿಟ್ಟಿದ್ದ ಕಂತೆಗಳನ್ನೆಲ್ಲ ಹೊತ್ತೊಯ್ದು ಗುಂಡಿಗೆ ಸುರಿದು ಮಣ್ಣು ಮುಚ್ಚಿದ. ಈಗ ಅವನು ಬೇಕಾದಷ್ಟೇ ಔಷಧಿ ಹೊಡೆಯುತ್ತಾನೆ, ಡಬ್ಬಿ ಓದಿ, ದಿನ ಎಣಿಸಿ ಕೊಯ್ಯುತ್ತಾನೆ. ಮನೆಗೂ ಮಾರುಕಟ್ಟೆಗೂ ಒಂದೇ ಸೊಪ್ಪು.

ಬೆಳೆಯುವವರೇ, ನಿಮ್ಮ ಮಕ್ಕಳಿಗೆ ಬಡಿಸಲು ಅಂಜುವ ಸೊಪ್ಪನ್ನು ಇನ್ನೊಬ್ಬರ ಮಕ್ಕಳಿಗೆ ಮಾರಬೇಡಿ. ಕೊಳ್ಳುವವರೇ, ಹೊಳಪಿಗೆ ಮರುಳಾಗಬೇಡಿ. ಹರಿಯುವ ನೀರಿನಲ್ಲಿ ಒಂದೊಂದೇ ಎಲೆ ತೊಳೆಯಿರಿ. ಅದಕ್ಕೂ ಮೊದಲು, ಸೊಪ್ಪು ಮಾರುವವರನ್ನು ಸಂಕೋಚವಿಲ್ಲದೆ ಕೇಳಿ: "ಇದನ್ನ ನಿಮ್ಮನೇಲೂ ತಿಂತೀರಾ?"